ವರ್ತಕರ ಧರ್ಮ, ಊರಿನ ನೆನಪು: ತೋಟದಪ್ಪ ಛತ್ರ ಉಳಿದದ್ದು ಹೇಗೆ?

ಚಿಕ್ಕಬಳ್ಳಾಪುರ: ಊರಿನ ಹಿರಿಯ ವರ್ತಕರೊಬ್ಬರು ತೀರಿಕೊಂಡರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಆಗುವುದು ಹೆಚ್ಚು ಕಡಿಮೆ ಒಂದೇ. ಪೇಟೆ ಬೀದಿಯ ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಳ್ಳುತ್ತವೆ. ಬಸ್ ನಿಲ್ದಾಣದ ಬಳಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ. ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಕೊಡುಗೈ ದಾನಿ ಇನ್ನಿಲ್ಲ’ ಎಂಬ ಶೀರ್ಷಿಕೆ ಬರುತ್ತದೆ. (ತೀರಿಕೊಂಡ ವರ್ತಕರೆಲ್ಲರೂ ಕೊಡುಗೈ ದಾನಿಗಳೇ ಆಗಿದ್ದರೇ ಎಂಬ ಪ್ರಶ್ನೆಯನ್ನು ಪತ್ರಿಕೆಗಳು ಕೇಳುವುದಿಲ್ಲ, ಅಂದು ಕೇಳುವುದು ಸರಿಯೂ ಅಲ್ಲ.) ತಿಥಿಯ ಊಟ ಮುಗಿದ ಮೇಲೆ ಮನೆಯವರೂ ಸ್ನೇಹಿತರೂ ಕುಳಿತು, ಅವರ ಹೆಸರಿನಲ್ಲಿ ಏನಾದರೂ ಮಾಡಬೇಕಲ್ಲ ಎಂದು ಮಾತು ತೆಗೆಯುತ್ತಾರೆ.

ಮಾಡುವುದೂ ಉಂಟು. ಶಾಲೆಗೊಂದು ಕೊಠಡಿ, ಆಸ್ಪತ್ರೆಯ ಅಂಗಳಕ್ಕೆ ಸಿಮೆಂಟ್ ಬೆಂಚು, ಸಂತೆ ಮೈದಾನದಲ್ಲಿ ಕುಡಿಯುವ ನೀರಿನ ತೊಟ್ಟಿ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ದತ್ತಿ ಬಹುಮಾನ ಇತ್ಯಾದಿ. ಇಪ್ಪತ್ತು ವರ್ಷ ಕಳೆದ ನಂತರ ಅದೇ ತೊಟ್ಟಿಯ ಬಳಿ ನಿಂತರೆ ಗ್ರಾನೈಟ್ ಕಲ್ಲಿನಲ್ಲಿ ಹೆಸರು ಸ್ಪಷ್ಟವಾಗಿಯೇ ಓದಲು ಸಿಗುತ್ತದೆ; ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ. ಹೆಸರು ಉಳಿಯಿತು, ಧರ್ಮ ನಿಂತಿತು.

ಇದಕ್ಕೆ ಹೊರತಾದ ಉದಾಹರಣೆಯೊಂದನ್ನು ಈ ನಾಲ್ಕೂ ಊರುಗಳ ಹಳಬರು ಕಂಡಿದ್ದಾರೆ. ಅದು ಇರುವುದು ಬೆಂಗಳೂರಿನಲ್ಲಿ, ಇಂದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತಿರುವ ನಗರ ರೈಲು ನಿಲ್ದಾಣದ ಸಮೀಪ. ಗುಬ್ಬಿ ತೋಟದಪ್ಪ ಛತ್ರ ಎಂದರೆ ಆಟೋದವರಿಗೆ ವಿಳಾಸ ಹೇಳಬೇಕಾಗಿಲ್ಲ. ಛತ್ರ ತೆರೆದದ್ದು 1903ರಲ್ಲಿ. ಅದನ್ನು ಕಟ್ಟಿಸಿದವರು ತೀರಿಕೊಂಡದ್ದು 1910ರಲ್ಲಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಒಬ್ಬ ಅಂಗಡಿಕಾರರ ದಾನ ಕೆಲಸ ಮಾಡುತ್ತಲೇ ಇರಲು ಕಾರಣವೇನು ಎಂಬುದು, ಇಂದು ಹಿರಿಯರ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಯೋಚಿಸುವ ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯ.

ಗುಬ್ಬಿಯಿಂದ ಮಾಮೂಲುಪೇಟೆಗೆ

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ, ಲಿಂಗಾಯತ ಕುಟುಂಬವೊಂದರಲ್ಲಿ. ಗುಬ್ಬಿ ಹಿಂದಿನಿಂದಲೂ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿಂದ ಬೆಂಗಳೂರಿಗೆ ಬಂದ ತೋಟದಪ್ಪನವರು ಮಾಮೂಲುಪೇಟೆಯಲ್ಲಿ ಅಂಗಡಿ ಇಟ್ಟರು. ಚಿಕ್ಕಪೇಟೆ, ಬಳೇಪೇಟೆ, ಮಾಮೂಲುಪೇಟೆಗಳೆಂದರೆ ಆಗಲೂ ಸಗಟು ವ್ಯಾಪಾರದ ಕೇಂದ್ರ. ಸುತ್ತಲಿನ ತಾಲ್ಲೂಕುಗಳ ಚಿಲ್ಲರೆ ಅಂಗಡಿಯವರು ಸರಕಿಗಾಗಿ ಬರುತ್ತಿದ್ದುದು ಇಲ್ಲಿಗೇ. ದುಡಿದು ಗಳಿಸಿದ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಗಳಿಸಿದ್ದನ್ನು ಅವರು ಸಾರ್ವಜನಿಕ ಕಾರ್ಯಕ್ಕೆ ಬಿಟ್ಟರು.

ಅವರು ಆಯ್ದುಕೊಂಡ ಕಾರ್ಯ ಯಾವುದು, ಯಾವ ಜಾಗದಲ್ಲಿ ಎಂಬುದನ್ನು ಗಮನಿಸಬೇಕು. ಅವರ ಜಾಣ್ಮೆ ಇರುವುದು ಅಲ್ಲಿ.

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ. ಆ ರೈಲು ಪೇಟೆಯ ಜನರಿಗಿಂತ ಹೆಚ್ಚಾಗಿ ದಂಡಿನವರಿಗೆ ಅನುಕೂಲವಾಗಿತ್ತು. 1880ರ ದಶಕದಲ್ಲಿ ಚಿತ್ರ ಬದಲಾಯಿತು. ಮೈಸೂರಿನ ಕಡೆಗೆ, ತುಮಕೂರು–ಗುಬ್ಬಿಯ ಕಡೆಗೆ ಮೀಟರ್ ಗೇಜ್ ಹಳಿಗಳು ಬಂದವು. 1890ರ ದಶಕದ ಆರಂಭದಲ್ಲಿ ಹಿಂದೂಪುರದ ಕಡೆಯ ಮಾರ್ಗ ಸಿದ್ಧವಾಗಿ ಗೌರಿಬಿದನೂರಿಗೆ ರೈಲು ಸಂಪರ್ಕ ದೊರೆಯಿತು. ಕೋರ್ಟು ಕಚೇರಿಗೆ, ಕಾಲೇಜಿಗೆ, ಆಸ್ಪತ್ರೆಗೆ, ಸರಕಿಗೆ ಎಂದು ಮೈಸೂರು ಸಂಸ್ಥಾನದ ನಾನಾ ಮೂಲೆಗಳಿಂದ ಬರುವ ಜನ ಇಳಿಯುವ ತಾಣ ನಗರ ನಿಲ್ದಾಣವಾಯಿತು.

ಇಳಿದವರು ತಂಗುವುದೆಲ್ಲಿ? ಇಂದಿನ ಮೆಜೆಸ್ಟಿಕ್ಕಿನಲ್ಲಿ ಸಾಲುಸಾಲಾಗಿ ನಿಂತಿರುವ ಲಾಡ್ಜುಗಳನ್ನು ಕಂಡವರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ಆಗ ಅಲ್ಲಿದ್ದದ್ದು ಧರ್ಮಾಂಬುಧಿ ಕೆರೆ. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಅದರ ಅಂಗಳದಲ್ಲೇ. ಹಣ ಕೊಟ್ಟು ಕೋಣೆ ಹಿಡಿಯುವ ಅಭ್ಯಾಸ ಸಾಮಾನ್ಯರಲ್ಲಿ ಇನ್ನೂ ಬಂದಿರಲಿಲ್ಲ. ಎಲ್ಲಿ ಉಣ್ಣಬೇಕು, ಯಾರ ಮನೆಯಲ್ಲಿ ಮಲಗಬೇಕು ಎಂಬುದಕ್ಕೆ ಜಾತಿಯ ಕಟ್ಟುಪಾಡುಗಳು ಬೇರೆ. ನೆಂಟರಿದ್ದವರು ನೆಂಟರ ಮನೆಗೆ ಹೋದರು, ಇಲ್ಲದವರು ದೇವಸ್ಥಾನದ ಜಗಲಿ ಹುಡುಕಿದರು. ರಾತ್ರಿ ರೈಲಿನಲ್ಲಿ ಹೆಂಗಸರು ಮಕ್ಕಳೊಂದಿಗೆ ಬಂದಿಳಿದವರ ಪಾಡು ಊಹಿಸಬಹುದು.

ತೋಟದಪ್ಪನವರು 1897ರಲ್ಲಿ ನಿಲ್ದಾಣದ ಎದುರಿನ ಜಾಗವನ್ನು ರೈಲ್ವೆಯಿಂದ ಖರೀದಿಸಿದರು. ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಅಪ್ಪಳಿಸಿತು. ಪೇಟೆಯ ಮನೆಗಳು ಖಾಲಿಯಾದವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಭೀತಿಯ ಹಿನ್ನೆಲೆಯಲ್ಲಿ. ಅಂಥ ಕಾಲವನ್ನು ದಾಟಿ 1903ರಲ್ಲಿ ಛತ್ರ ಸಿದ್ಧವಾಯಿತು. ಉದ್ಘಾಟಿಸಿದವರು ಆಗಷ್ಟೇ ಆಡಳಿತ ವಹಿಸಿಕೊಂಡಿದ್ದ ತರುಣ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಪ್ರಯಾಣಿಕರಿಗೆ ತಂಗಲು ಛತ್ರ, ಓದಲು ಬರುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ: ಇವು ಆ ದತ್ತಿಯ ಎರಡು ಕವಲುಗಳು. ಮೈಸೂರು ಅರಮನೆ ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದನ್ನೂ, ಬ್ರಿಟಿಷ್ ಸರ್ಕಾರ ‘ರಾವ್ ಬಹಾದ್ದೂರ್’ ಪದವಿಯನ್ನೂ ನೀಡಿದವು. ಎರಡೂ ಇಂದಿಗೂ ಸಂಸ್ಥೆಯ ಹೆಸರಿನಲ್ಲೇ ಸೇರಿಕೊಂಡಿವೆ: ರಾವ್ ಬಹಾದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ ಚಾರಿಟೀಸ್.

ಛತ್ರ ತೆರೆದಾಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ಇನ್ನೂ ರೈಲು ಬಂದಿರಲಿಲ್ಲ. ಬೆಂಗಳೂರು–ಚಿಕ್ಕಬಳ್ಳಾಪುರ ನಡುವಿನ ನ್ಯಾರೋ ಗೇಜ್ ಹಳಿ ಬಂದದ್ದು 1915ರಲ್ಲಿ. ಅದೇ ದಶಕದಲ್ಲಿ ಕೋಲಾರ ಜಿಲ್ಲಾ ಬೋರ್ಡಿನ ಹಳಿ ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾದು ಬಂದು ಕೂಡಿಕೊಂಡಿತು. ಪುಟ್ಟ ರೈಲು ಎಂದೇ ಹೆಸರಾದ ಅದರಲ್ಲಿ ಬೆಲ್ಲ, ಆಲೂಗಡ್ಡೆ, ರೇಷ್ಮೆಯ ವ್ಯಾಪಾರಿಗಳೂ, ಬೆಂಗಳೂರಿನಲ್ಲಿ ಓದುವ ಹುಡುಗರೂ ಓಡಾಡಿದರು. ಆ ಹಳಿ ಈಗಿಲ್ಲ. ಚಿಕ್ಕಬಳ್ಳಾಪುರ–ಕೋಲಾರ ನಡುವೆ ಬ್ರಾಡ್ ಗೇಜ್ ಪರಿವರ್ತನೆ ಮುಗಿದದ್ದು 2013ರಲ್ಲಿ. ರೈಲಿನ ಅಳತೆ ಬದಲಾದರೂ ಇಳಿದ ಮೇಲಿನ ಛತ್ರ ಇದ್ದಲ್ಲೇ ಇದೆ.

ಕಟ್ಟಡಕ್ಕಿಂತ ಮುಖ್ಯವಾದದ್ದು

ತೋಟದಪ್ಪನವರು ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿ, ನೋಡಿಕೊಳ್ಳುವವರನ್ನು ಗೊತ್ತುಮಾಡಿದರು. ಅದರ ಅಧ್ಯಕ್ಷತೆ ವಹಿಸಿದವರು ಕೆ.ಪಿ. ಪುಟ್ಟಣ್ಣಚೆಟ್ಟಿ. ಸಂಸ್ಥಾನದ ಆಡಳಿತದಲ್ಲಿ ಉನ್ನತ ಹುದ್ದೆಗಳನ್ನು ಕಂಡು, ಬೆಂಗಳೂರು ನಗರಸಭೆಯ ಅಧ್ಯಕ್ಷರೂ ಆಗಿ, ‘ಸರ್’ ಪದವಿ ಪಡೆದವರು. ಬೆಂಗಳೂರಿನ ಪುರಭವನಕ್ಕೆ ಇರುವುದು ಅವರದೇ ಹೆಸರು. ದಾನ ಕೊಟ್ಟವರು ವ್ಯಾಪಾರಸ್ಥರು, ನೋಡಿಕೊಂಡವರು ಲೆಕ್ಕಪತ್ರ ಬಲ್ಲ ಆಡಳಿತಗಾರರು. ಈ ಜೋಡಿಯೇ ಛತ್ರವನ್ನು ಮೊದಲ ಮೂವತ್ತು ವರ್ಷ ದಾಟಿಸಿತು ಎಂದರೆ ತಪ್ಪಾಗದು. ಯಾವುದೇ ದತ್ತಿ ಸಾಯುವುದು ಸಾಮಾನ್ಯವಾಗಿ ಅಷ್ಟರೊಳಗೇ: ಕೊಟ್ಟವರನ್ನು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಇಲ್ಲವಾಗುವ ಹೊತ್ತಿಗೆ.

ಇಲ್ಲಿ ಸ್ವಲ್ಪ ಕಾನೂನನ್ನು ನೋಡುವುದು ಅಗತ್ಯ. ಒಬ್ಬ ವ್ಯಕ್ತಿ ತನ್ನ ಆಸ್ತಿಯನ್ನು ಇಂಥವರೇ ಅನುಭವಿಸಬೇಕು, ಮುಂದೆಂದೂ ಯಾರೂ ಮಾರಬಾರದು ಎಂದು ತಲೆತಲಾಂತರಕ್ಕೆ ಕಟ್ಟಿಡಲು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅವಕಾಶ ಕೊಡುವುದಿಲ್ಲ. ಮೊಮ್ಮಕ್ಕಳ ಮಕ್ಕಳಿಗೆಂದು ಮನೆಯೊಂದನ್ನು ಶಾಶ್ವತವಾಗಿ ಬೀಗ ಹಾಕಿಡುವಂತಿಲ್ಲ. ಆದರೆ ಧರ್ಮ, ವಿದ್ಯೆ, ಆರೋಗ್ಯ ಮೊದಲಾದ ಸಾರ್ವಜನಿಕ ಹಿತಕ್ಕೆ ಬಿಟ್ಟ ಆಸ್ತಿಗೆ ಅದೇ ಕಾಯ್ದೆ ವಿನಾಯಿತಿ ನೀಡಿದೆ. ಎಂದರೆ, ಸ್ವಂತ ವಂಶಕ್ಕೆ ಮಾಡಲಾಗದ್ದನ್ನು ಊರಿಗೆ ಮಾಡಬಹುದು. ಮಕ್ಕಳಿಲ್ಲದ ತೋಟದಪ್ಪನವರ ಹೆಸರು, ಮಕ್ಕಳಿದ್ದ ಎಷ್ಟೋ ಸಾಹುಕಾರರ ಹೆಸರಿಗಿಂತ ಗಟ್ಟಿಯಾಗಿ ನಿಂತಿರುವುದರ ಕಾನೂನಿನ ಬುಡ ಇಲ್ಲಿದೆ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಟ್ರಸ್ಟ್ ಎಂದ ಕೂಡಲೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಎಂದು ಎಲ್ಲರೂ ಹೇಳುತ್ತಾರೆ. ಆ ಕಾಯ್ದೆ ಇರುವುದು ಖಾಸಗಿ ಟ್ರಸ್ಟುಗಳಿಗೆ. ಸಾರ್ವಜನಿಕ ಧರ್ಮದತ್ತಿಗಳನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಪಕ್ಕದ ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳ ಮೇಲೆ ಕಣ್ಣಿಡಲು ಚಾರಿಟಿ ಕಮಿಷನರ್ ಎಂಬ ಅಧಿಕಾರಿಯೇ ಇದ್ದಾರೆ. ಹಳೆಯ ಮೈಸೂರು ಭಾಗದಲ್ಲಿ ಅಂಥ ವ್ಯವಸ್ಥೆಯಿಲ್ಲ. ಆದಾಯ ತೆರಿಗೆ ಇಲಾಖೆ ವಿನಾಯಿತಿ ಕೊಟ್ಟ ಟ್ರಸ್ಟಿನ ಲೆಕ್ಕ ನೋಡುತ್ತದೆ. ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಿದ್ದಾರೆಯೇ ಎಂದು ಕೇಳುತ್ತದೆ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕೆನ್ನುತ್ತದೆ. ಆದರೆ ತೊಟ್ಟಿಯಲ್ಲಿ ನೀರಿದೆಯೇ ಎಂದು ತೆರಿಗೆ ಅಧಿಕಾರಿ ಬಂದು ನೋಡುವುದಿಲ್ಲ. ಅದನ್ನು ಊರಿನವರೇ ನೋಡಬೇಕು.

ದತ್ತಿ ಕರಗುವ ಬಗೆ

ಸಣ್ಣ ಊರುಗಳಲ್ಲಿ ದತ್ತಿಗಳು ಕಳ್ಳತನದಿಂದ ನಾಶವಾಗುವುದಕ್ಕಿಂತ ಸದ್ದಿಲ್ಲದೆ ಕರಗುವುದೇ ಹೆಚ್ಚು. ಉದಾಹರಣೆಗೆ ದತ್ತಿ ಬಹುಮಾನವನ್ನೇ ತೆಗೆದುಕೊಳ್ಳಿ. ತಂದೆಯ ಹೆಸರಿನಲ್ಲಿ 5,000 ರೂಪಾಯಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರು ಎನ್ನೋಣ. ಶೇ 10ರ ಬಡ್ಡಿಯಿದ್ದ ಕಾಲದಲ್ಲಿ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು. ಒಬ್ಬ ವಿದ್ಯಾರ್ಥಿಯ ಪುಸ್ತಕದ ಖರ್ಚು ಅದರಲ್ಲಿ ಕಳೆಯುತ್ತಿತ್ತು. ಬಡ್ಡಿ ಶೇ 6ಕ್ಕೆ ಇಳಿದಾಗ ಬರುವುದು 300. ಅಷ್ಟರಲ್ಲಿ ಪುಸ್ತಕದ ಬೆಲೆ ಹಲವು ಪಟ್ಟು ಏರಿರುತ್ತದೆ. ಯಾರೂ ಒಂದು ಕಾಸನ್ನೂ ಮುಟ್ಟಿಲ್ಲ, ಆದರೂ ದತ್ತಿ ಸತ್ತಿದೆ. ಬರುವ ಬಡ್ಡಿಯಲ್ಲಿ ಸ್ವಲ್ಪ ಭಾಗವನ್ನು ಪ್ರತಿವರ್ಷ ಮೂಲಧನಕ್ಕೇ ಸೇರಿಸಬೇಕು ಎಂಬ ಒಂದು ಸಾಲು ದತ್ತಿಪತ್ರದಲ್ಲಿ ಇದ್ದಿದ್ದರೆ ಇಷ್ಟು ಬೇಗ ಸಾಯುತ್ತಿರಲಿಲ್ಲ.

ಭೂಮಿಯ ಕಥೆ ಬೇರೆ. ಭೂಮಿ ಕರಗುವುದಿಲ್ಲ, ಬೆಲೆ ಏರುತ್ತದೆ. ಏರಿದಷ್ಟೂ ಕಣ್ಣು ಬೀಳುತ್ತದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯ ಜಮೀನಿನ ಬೆಲೆ ಏನಾಯಿತೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಿಂದಿನ ತಲೆಮಾರಿನ ದಾನಿಗಳು ಶಾಲೆಗೆ, ಛತ್ರಕ್ಕೆ, ಸ್ಮಶಾನಕ್ಕೆ ಜಾಗ ಬಿಟ್ಟದ್ದು ಹಲವು ಬಾರಿ ಬಾಯಿಮಾತಿನಲ್ಲಿ. ಹತ್ತು ಜನರ ಮುಂದೆ ಹೇಳಿದ ಮಾತಿಗೆ ಆಗ ಬೆಲೆಯಿತ್ತು. ಕಾನೂನಿನ ಕಣ್ಣಿನಲ್ಲಿ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ದಾನಪತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಪತ್ರವಿಲ್ಲದ ಜಾಗದಲ್ಲಿ ಸರ್ಕಾರಿ ಶಾಲೆ ನಡೆಯುತ್ತಿದ್ದು, ಖಾತೆ ಮಾತ್ರ ದಾನಿಯ ತಾತನ ಹೆಸರಿನಲ್ಲೇ ಉಳಿದಿರುವ ಪ್ರಕರಣಗಳು ರಾಜ್ಯದುದ್ದಕ್ಕೂ ಇವೆ. ತಾತ ಕೊಟ್ಟದ್ದನ್ನು ಮೊಮ್ಮಗ ಕೇಳಲು ಬರುವುದು ಇಂಥಲ್ಲಿ. ಆತನನ್ನು ಬೈದು ಪ್ರಯೋಜನವಿಲ್ಲ. ಪತ್ರ ಮಾಡದೆ ಬಿಟ್ಟವರ ಪಾಲೂ ಇದರಲ್ಲಿದೆ.

ಪತ್ರವಿದ್ದರೂ ನಿಶ್ಚಿಂತೆಯಿಲ್ಲ ಎಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಹತ್ತೊಂಬತ್ತನೇ ಶತಮಾನದ ಹೆಸರಾಂತ ವರ್ತಕರು, ಗುತ್ತಿಗೆದಾರರು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಅಠಾರ ಕಚೇರಿ, ಅಂದರೆ ಇಂದಿನ ಹೈಕೋರ್ಟ್, ಕಟ್ಟಿದ್ದು ಅವರ ಗುತ್ತಿಗೆಯಲ್ಲಿ. ಬಡಮಕ್ಕಳಿಗಾಗಿ ಅವರು 1873ರಲ್ಲಿ ಆರಂಭಿಸಿದ ಶಾಲೆ ಮುಂದೆ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆಗಳಾಗಿ ಬೆಳೆಯಿತು. ಆ ಸಂಸ್ಥೆಯ ಜಾಗವೊಂದನ್ನು ಕೊಳ್ಳಲು ಬೇರೆ ಯಾರೊಂದಿಗೋ ಕರಾರು ಮಾಡಿಕೊಂಡಿದ್ದೇವೆ, 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿದ್ದೇವೆ ಎಂದು ಹೇಳಿಕೊಂಡವರು ಸಂಸ್ಥೆಯ ವಿರುದ್ಧ ದಾವೆ ಹೂಡಿದರು. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ದಾವಾಪತ್ರವನ್ನೇ ತಿರಸ್ಕರಿಸಿತು. ಜೊತೆಗೆ, ಇಂಥ ದಾವೆಗಳಲ್ಲಿ ಎರಡು ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ನಗದು ವ್ಯವಹಾರದ ಪ್ರಸ್ತಾಪ ಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ದೇಶದ ನ್ಯಾಯಾಲಯಗಳಿಗೆ ನಿರ್ದೇಶನ ನೀಡಿತು. ಈ ನಿರ್ದೇಶನವೇ ಸುದ್ದಿಯಾಯಿತು. ನೂರೈವತ್ತು ವರ್ಷದ ಧರ್ಮಸಂಸ್ಥೆಯೊಂದು ತನ್ನ ಜಾಗ ತನ್ನದೆಂದು ಹೇಳಿಕೊಳ್ಳಲು ದೆಹಲಿಯವರೆಗೆ ಹೋಗಬೇಕಾಯಿತೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ವಕೀಲರನ್ನು ಇಡುವ ಶಕ್ತಿ ಆ ಸಂಸ್ಥೆಗಿತ್ತು. ತಾಲ್ಲೂಕು ಕೇಂದ್ರದ ಒಂದು ಕೊಠಡಿಯ ಛತ್ರಕ್ಕೆ ಅದಿರುವುದಿಲ್ಲ.

ಕೈವಾರ ಮತ್ತು ಹರೇಕಳ

ಹಾಗೆಂದು ತೋಟದಪ್ಪನವರ ದಾರಿಯೊಂದೇ ದಾರಿಯಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನೇ ನೋಡಬಹುದು. ಕಾಲಜ್ಞಾನ, ಕೀರ್ತನೆಗಳನ್ನು ಕನ್ನಡ ಮತ್ತು ತೆಲುಗಿನಲ್ಲಿ ರಚಿಸಿದ ಯೋಗಿ ನಾರೇಯಣ ಯತೀಂದ್ರರು, ಜನರ ಬಾಯಲ್ಲಿ ಕೈವಾರ ತಾತಯ್ಯ, ಬದುಕಿಗಾಗಿ ಊರೂರು ಸುತ್ತಿ ಬಳೆ ಮಾರುತ್ತಿದ್ದರೆಂಬುದು ಪ್ರತೀತಿ. ಅವರ ಕ್ಷೇತ್ರ ಇಂದು ಇರುವ ರೂಪಕ್ಕೆ ಬರಲು ಮುಖ್ಯ ಕಾರಣರಾದವರೂ ಒಬ್ಬ ಉದ್ಯಮಿಯೇ: ಸಿವಿಲ್ ಗುತ್ತಿಗೆದಾರರಾಗಿ ಬೆಳೆದು ಬೆಂಗಳೂರಿನಲ್ಲಿ 1962ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ, 1979ರಲ್ಲಿ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿದ ಎಂ.ಎಸ್. ರಾಮಯ್ಯ (1922–1997). ಕೈವಾರದ ಆಡಳಿತ ಅವರ ಕುಟುಂಬದ ಕೈಯಲ್ಲೇ ಮುಂದುವರಿದಿದೆ. ಇಲ್ಲಿ ದಾನವನ್ನು ಕಾಯುತ್ತಿರುವುದು ಆದಾಯವಿರುವ ದೊಡ್ಡ ಸಂಸ್ಥೆಗಳು ಮತ್ತು ಹೊಣೆ ಹೊತ್ತ ಮನೆತನ. ಎಲ್ಲ ಮನೆತನಗಳಿಗೂ ಆ ಬಲವಿರುವುದಿಲ್ಲ ಎಂಬುದು ಬೇರೆ ಮಾತು.

ತೀರ ಭಿನ್ನವಾದದ್ದು ಹರೇಕಳ ಹಾಜಬ್ಬರ ದಾರಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಅವರಿಗೆ ಓದು ಬರಹ ಬಾರದು. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ಹೋದದ್ದು ಅವರ ಮನಸ್ಸಿನಲ್ಲಿ ಉಳಿಯಿತು. ತಮ್ಮ ಊರಾದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ಕಿತ್ತಳೆ ಮಾರಿ ಕೂಡಿಟ್ಟ ಹಣ, ಕಚೇರಿಯಿಂದ ಕಚೇರಿಗೆ ಅಲೆದಾಟ, ಪತ್ರಿಕೆಗಳು ಬರೆದ ಮೇಲೆ ಬಂದ ನೆರವು ಎಲ್ಲ ಸೇರಿ ಅಲ್ಲಿ ಶಾಲೆಯಾಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್‌ನಲ್ಲಿ ಅವರು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪ್ರಶಸ್ತಿ ಪಡೆದದ್ದನ್ನು ಇಡೀ ನಾಡು ನೋಡಿತು. ನೋಡಿದವರು ಮರೆಯುವ ಸಂಗತಿಯೊಂದಿದೆ: ಹಾಜಬ್ಬ ಕಟ್ಟಿದ್ದು ಸರ್ಕಾರಿ ಶಾಲೆ. ಶಿಕ್ಷಕರ ಸಂಬಳ, ಬಿಸಿಯೂಟ, ಪಠ್ಯಪುಸ್ತಕ ಸರ್ಕಾರದ ಹೊಣೆ. ಮೂಲಧನವಿಲ್ಲದ ಬಡ ವ್ಯಾಪಾರಿ ತನ್ನ ಕೆಲಸಕ್ಕೆ ಸರ್ಕಾರವನ್ನೇ ಮೂಲಧನ ಮಾಡಿಕೊಂಡರು. ಕೈಯಲ್ಲಿ ಹಣ ಕಡಿಮೆಯಿದ್ದು ಓಡಾಡುವ ತಾಳ್ಮೆಯಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ನೀರಿನ ಧರ್ಮ

ಚಿಕ್ಕಬಳ್ಳಾಪುರ ಜಿಲ್ಲೆಯ ಮಟ್ಟಿಗೆ ದಾನದ ಮಾತು ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿದು. ಕೆರೆ ಕಟ್ಟಿಸುವುದು, ಕಲ್ಯಾಣಿ ತೋಡಿಸುವುದು, ದಾರಿಯ ಪಕ್ಕ ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ಇಲ್ಲಿ ಹಿಂದಿನಿಂದ ಬಂದ ಧರ್ಮ. ಶ್ರೀರಾಮನವಮಿಯಂದು ಪೇಟೆ ಬೀದಿಯ ಅಂಗಡಿಗಳ ಮುಂದೆ ಪಾನಕ, ಮಜ್ಜಿಗೆ ಹಂಚುವುದು ಅದರದೇ ಕುಡಿ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ, ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡ ಮೇಲೆ ದಾನದ ವಸ್ತುವೂ ಬದಲಾಯಿತು. ಈಗ ಹಿರಿಯರ ಹೆಸರಿನಲ್ಲಿ ಊರಿಗೆ ಕೊಡುವುದು ಶುದ್ಧ ಕುಡಿಯುವ ನೀರಿನ ಘಟಕ.

ಇದು ತೊಟ್ಟಿಯಂತಲ್ಲ. ಯಂತ್ರದೊಳಗಿನ ಪೊರೆಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು, ಸೋಸುವ ಸಾಮಗ್ರಿಯನ್ನು ಅದಕ್ಕಿಂತ ಬೇಗ. ವಿದ್ಯುತ್ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ. ಘಟಕ ಕೂರಿಸುವ ಖರ್ಚನ್ನು ದಾನಿ ಕೊಟ್ಟು, ಉದ್ಘಾಟನೆಗೆ ಶಾಸಕರನ್ನು ಕರೆದು, ನಡೆಸುವ ಖರ್ಚು ಯಾರದೆಂದು ಬರೆದಿಡದಿದ್ದರೆ ಕಥೆ ಮೂರನೇ ವರ್ಷಕ್ಕೆ ಮುಗಿಯುತ್ತದೆ. ಕ್ಯಾನಿಗೆ ಐದು ರೂಪಾಯಿಯೋ ಹತ್ತು ರೂಪಾಯಿಯೋ ಪಡೆದು ಆ ಹಣವನ್ನು ದುರಸ್ತಿಗೆಂದೇ ಬೇರೆ ಖಾತೆಯಲ್ಲಿ ಇಡುವುದು ಒಂದು ಉಪಾಯ. ಧರ್ಮಕ್ಕೆ ಕೊಟ್ಟ ನೀರಿಗೆ ಹಣ ಪಡೆಯುವುದೇ ಎಂದು ಮೂಗೆಳೆಯುವವರು ಇದ್ದೇ ಇರುತ್ತಾರೆ. ಬಿಟ್ಟಿ ನೀರಿನ ಕೆಟ್ಟ ಘಟಕಕ್ಕಿಂತ ಹತ್ತು ರೂಪಾಯಿ ನೀರಿನ ಓಡುವ ಘಟಕ ಮೇಲು ಎಂಬುದು ಬೇಸಿಗೆಯಲ್ಲಿ ಅವರಿಗೂ ತಿಳಿಯುತ್ತದೆ.

ಉದ್ದೇಶವೇ ಸವೆದರೆ

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕಾಲ ಬದಲಾಗಿ ದಾನದ ಉದ್ದೇಶವೇ ಅರ್ಥ ಕಳೆದುಕೊಂಡರೆ? ಎತ್ತಿನ ಗಾಡಿಯವರಿಗೆಂದು ಬಿಟ್ಟ ಛತ್ರಕ್ಕೆ ಈಗ ಗಾಡಿಯೇ ಬರುವುದಿಲ್ಲ. ಕುದುರೆಗಳಿಗೆ ನೀರುಣಿಸಲು ಕಟ್ಟಿದ ಕಲ್ಲಿನ ತೊಟ್ಟಿಗೆ ಕೆಲಸವಿಲ್ಲ. ತೋಟದಪ್ಪನವರ ದತ್ತಿಗೆ ಈ ತೊಂದರೆ ಅಷ್ಟಾಗಿ ಬಾಧಿಸಲಿಲ್ಲ. ಪ್ರಯಾಣಿಕರ ಛತ್ರದ ಜೊತೆಗೇ ವಿದ್ಯಾರ್ಥಿನಿಲಯವೂ ಇದ್ದುದರಿಂದ, ಲಾಡ್ಜುಗಳು ಹೆಚ್ಚಿದ ಕಾಲದಲ್ಲೂ ಸಂಸ್ಥೆಗೆ ಕೆಲಸವಿತ್ತು. ಬೆಂಗಳೂರಿನಲ್ಲಿ ಓದಬೇಕೆನ್ನುವ ಹಳ್ಳಿಯ ಹುಡುಗನ ಸಮಸ್ಯೆ 1903ರಲ್ಲೂ ಬಾಡಿಗೆಯೇ, ಈಗಲೂ ಬಾಡಿಗೆಯೇ. ಆ ಕಾಲದ ಬಹುತೇಕ ವಿದ್ಯಾರ್ಥಿನಿಲಯಗಳಂತೆ ಇದೂ ಬೆಳೆದದ್ದು ಸಮುದಾಯದ ನೆಲೆಯಲ್ಲಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಕ್ಕಲಿಗ, ಲಿಂಗಾಯತ, ಆರ್ಯವೈಶ್ಯ, ಮುಸ್ಲಿಂ ಎಂದು ಪ್ರತಿಯೊಂದು ಸಮುದಾಯವೂ ತನ್ನ ಹುಡುಗರಿಗೆ ನಿಲಯ ಕಟ್ಟಿಕೊಂಡ ಕಾಲವದು. ಹಾಗೆ ಕಟ್ಟಿಕೊಡುವ ವರ್ತಕರಿಲ್ಲದ ಸಮುದಾಯಗಳ ಹುಡುಗರು ಸರ್ಕಾರಿ ಹಾಸ್ಟೆಲ್ ಬರುವವರೆಗೂ ಕಾಯಬೇಕಾಯಿತು.

ಉದ್ದೇಶ ನಿಜಕ್ಕೂ ಸವೆದುಹೋದಾಗ ಏನು ಮಾಡಬೇಕೆಂಬುದಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಲ್ಲಿ ದಾರಿಯಿದೆ. ಸಾರ್ವಜನಿಕ ದತ್ತಿಯೊಂದು ಸರಿಯಾಗಿ ನಡೆಯುತ್ತಿಲ್ಲವೆಂದು ಕಂಡುಬಂದರೆ ಅಡ್ವೊಕೇಟ್ ಜನರಲ್ ಅಥವಾ ಆ ದತ್ತಿಯಲ್ಲಿ ಆಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ನ್ಯಾಯಾಲಯ ಹಳೆಯ ಧರ್ಮದರ್ಶಿಗಳನ್ನು ತೆಗೆದು ಹೊಸಬರನ್ನು ನೇಮಿಸಬಹುದು, ಲೆಕ್ಕ ಕೇಳಬಹುದು, ಆಡಳಿತಕ್ಕೆ ಹೊಸ ಯೋಜನೆಯನ್ನೇ ರೂಪಿಸಬಹುದು. ಮೂಲ ಉದ್ದೇಶ ಈಡೇರಿಸಲು ಸಾಧ್ಯವೇ ಇಲ್ಲದಿದ್ದರೆ, ದಾನಿಯ ಮನಸ್ಸಿಗೆ ಆದಷ್ಟು ಹತ್ತಿರವಾದ ಬೇರೆ ಉದ್ದೇಶಕ್ಕೆ ಆಸ್ತಿಯನ್ನು ತಿರುಗಿಸಬಹುದು. ಗಾಡಿಯವರ ಛತ್ರ ವಿದ್ಯಾರ್ಥಿನಿಯರ ವಸತಿಯಾಗಬಹುದು. ಮಾಲ್ ಆಗುವಂತಿಲ್ಲ.

ಹೀಗೆ ದಾವೆ ಹೂಡಲು ದಾನಿಯ ವಂಶಸ್ಥರೇ ಆಗಿರಬೇಕಿಲ್ಲ. ಆ ಛತ್ರ, ಶಾಲೆ, ನಿಲಯದಿಂದ ಪ್ರಯೋಜನ ಪಡೆಯುವವರಿಗೆ ನಿಜವಾದ ಆಸಕ್ತಿಯಿದ್ದರೆ ಸಾಕು. ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ನಂತರ ಇಲ್ಲಿನ ತಾಲ್ಲೂಕುಗಳವರು ಇಂಥ ಕೆಲಸಕ್ಕೆ ಕೋಲಾರದವರೆಗೆ ಹೋಗಬೇಕಾಗಿಲ್ಲ.

ಆದರೆ ದಾವೆಗೆ ಮೊದಲು ಬೇಕಾದದ್ದು ಕಾಗದ. ಊರಿನ ಯಾವುದಾದರೂ ಹಳೆಯ ಛತ್ರ, ದತ್ತಿ ಕೊಠಡಿ, ಧರ್ಮದ ಜಾಗ ಯಾರದೆಂದು ತಿಳಿಯಬೇಕಿದ್ದರೆ ಮೊದಲು ಹೋಗಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಗೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕರಲ್ಲೂ ಅದು ಇದೆ. ಆಸ್ತಿಯ ಚೆಕ್ಕುಬಂದಿ, ಸರ್ವೆ ನಂಬರು ಅಥವಾ ಖಾತೆ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಋಣಭಾರ ಪ್ರಮಾಣಪತ್ರವೂ, ನೋಂದಣಿಯಾಗಿದ್ದರೆ ದಾನಪತ್ರದ ದೃಢೀಕೃತ ನಕಲೂ ಸಿಗುತ್ತದೆ. ನಗರಸಭೆಯಲ್ಲಿ ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟುತ್ತಿರುವವರು ಯಾರು ಎಂದು ನೋಡಬೇಕು. ಗೋಡೆಯಲ್ಲಿ ಹುದುಗಿಸಿದ ಶಿಲಾಫಲಕವಿದ್ದರೆ ಅದರ ಫೋಟೋ ಈಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಸುಣ್ಣ ಬಳಿಯುವಾಗಲೂ, ರಸ್ತೆ ಅಗಲ ಮಾಡುವಾಗಲೂ ಮೊದಲು ಕಾಣೆಯಾಗುವುದು ಅದೇ.